ನಲವತ್ತೊಂದನೆಯ ಪುಟ

ಫೆಬ್ರವರಿ ೯, ಗುರುವಾರ

ನಾಳೆ ಹತ್ತಕ್ಕೆ ನನ್ನ ವಿದ್ಯಾರ್ಥಿನಿಯ ಪಿಎಚ್‌ಡಿ ಮೌಖಿಕ ಪರೀಕ್ಷೆ. ಸಂಜೆ ಅವಳ ಪ್ರಬಂಧವನ್ನು ಸುಮ್ಮನೆ ತಿರುವಿಹಾಕುತ್ತಿದ್ದಾಗ ನಲವತ್ತೊಂದನೆಯ ಪುಟದಲ್ಲಿ ತಪ್ಪೊಂದು ಕಣ್ಣಿಗೆ ಬಿತ್ತು. ಸಮೀಕರಣದ ಛೇದದಲ್ಲಿ ಎಕ್ಸ್‌ನ ಘಾತ ಎರಡು ಎಂದು ಹಿಡಿದು ಲೆಕ್ಕ ಮಾಡಿದ್ದಾಳೆ; ಅದು ಎರಡಲ್ಲ, ಮೂರು. ಎರಡಾಗಿದ್ದರೆ ಸೊನ್ನೆಯ ಹತ್ತಿರವೂ, ಅಂದರೆ ಸಮೀಕರಣ ಕೈಕೊಡುವ ಸಿಂಗ್ಯುಲರ್ ಬಿಂದುವಿನ ಬಳಿಯೂ, ಪರಿಹಾರ ಹದ್ದುಬಸ್ತಿನಲ್ಲಿರುತ್ತದೆ. ಮೂರಾದರೆ ಯಾವ ಘಾತದ ಅಂಕೆಗೂ ಸಿಗದೆ ಬೆಳೆದುಬಿಡುತ್ತದೆ. ಮುಂದಿನ ಎರಡು ಅಧ್ಯಾಯಗಳು ನಿಂತಿರುವುದೇ ಆ ಪುಟದ ಮೇಲೆ. ಅದನ್ನು ಓದಿ, ಸರಿ ಇದೆ ಎಂದು ಸಹಿ ಹಾಕಿದವಳು ನಾನು.

ಅವಳಿಗೆ ಫೋನ್ ಮಾಡಿದೆ. ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದಾಗ ಅವಳೇ ಕೇಳಿದಳು, "ನಲವತ್ತೊಂದನೇ ಪುಟಾನಾ ಮೇಡಂ?"

"ನಿಂಗೆ ಗೊತ್ತಿತ್ತಾ?"

"ನಾಲ್ಕು ತಿಂಗಳಾಯ್ತು."

"ಮತ್ತೆ ಯಾಕಮ್ಮ ಬಾಯಿ ಬಿಡಲಿಲ್ಲ?"

"ನಿಮ್ಮ ಹತ್ರ ಹೇಳೋಕೆ ಭಯ ಆಯ್ತು."

ತಪ್ಪು ನನ್ನದು, ಪರೀಕ್ಷೆ ಮುಂದೂಡಿ ಎಂದು ವಿಭಾಗದ ಮುಖ್ಯಸ್ಥರಿಗೆ ಬರೆದು ಕಳಿಸಿದೆ. ಮರ್ಯಾದೆ ಹೋಗುವ ಹೆದರಿಕೆ ಅಲ್ಲಿಗೆ ಮುಗಿಯಿತು. ಈಗ ಹಿಡಿದಿರುವ ಹೆದರಿಕೆ ಬೇರೆ. ನಾಲ್ಕು ತಿಂಗಳು ದಿನಾ ನನ್ನ ಎದುರು ಕೂತಿದ್ದಳಲ್ಲ, ನನ್ನ ಮುಖದಲ್ಲಿ ಏನು ಕಂಡು ಸುಮ್ಮನಾದಳು?

ಪಕ್ಕದ ಕೋಣೆಯಲ್ಲಿ ಮಗಳು ಇನ್ನೂ ಎದ್ದಿದ್ದಾಳೆ. ಊಟಕ್ಕೆ ಕೂತಾಗ ಎಲ್ಲ ಸರಿ ಇದೆ ಅಮ್ಮ ಎಂದಳು. ಅವಳೂ ಏನನ್ನಾದರೂ ನನಗೆ ಹೆದರಿ ಮುಚ್ಚಿಟ್ಟಿದ್ದಾಳಾ? ಪೆನ್ನು ಇಡುತ್ತೇನೆ, ಹೋಗಿ ಕೇಳಬೇಕು.