ಅಮ್ಮನ ಮರೆವು

ಬೆಳ್ಮಣ್
8-8-1984

ಪ್ರೀತಿಯ ದೇವಣ್ಣಾ,

ಹೇಗಿದ್ದಿ? ದೋಹಾದ ಸೆಕೆಗೆ ಬೆನ್ನಿನ ಮೇಲೆ ಎದ್ದ ಬೊಕ್ಕೆಗಳು ಒಣಗಿದವಾ? ಇಲ್ಲಿ ಆಟಿ ತಿಂಗಳ ಮಳೆ ಬಿಟ್ಟಿಲ್ಲ. ನಾನು ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತೇನೆ. ಅಷ್ಟೇ.

ಅಮ್ಮನಿಗೆ ಮರೆವು ಜಾಸ್ತಿಯಾಗಿದೆ ಎಂದು ನಾನು ತಿಳಿಸಿದ್ದಕ್ಕೆ, ಒಲೆಯ ಹತ್ತಿರ ಬಿಡಬೇಡ, ಮಣಿಪಾಲದಲ್ಲಿ ತೋರಿಸು ಎಂದು ಬರೆದಿದ್ದೆಯಲ್ಲ, ಸೋಮವಾರ ಕರೆದುಕೊಂಡು ಹೋದೆ. ಅಪ್ಪನೂ ಬಂದರು. ಬಸ್ಸಿನಲ್ಲೆಲ್ಲ ಅವರದ್ದೇ ಮಾತು. ಬಸ್ ಏಜೆಂಟರಾಗಿದ್ದ ಕಾಲದ ಗುರುತು ಎಂದು ಸಿಕ್ಕಿದವರನ್ನೆಲ್ಲ ಮಾತನಾಡಿಸಿದರು. ಕೆಲವರು ಸುಮ್ಮನೆ ನಕ್ಕರು. ಅಮ್ಮ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಇದು ಯಾವ ತಿಂಗಳು ಎಂದು ಡಾಕ್ಟರರು ಕೇಳಿದರೆ, "ಗೊತ್ತಿಲ್ಲ." ಮಕ್ಕಳೆಷ್ಟು? "ನನ್ನ ತಲೆ ಹೋಗಿದೆ ಡಾಕ್ಟ್ರೇ, ನನ್ನನ್ನು ಎಂತದೂ ಕೇಳಬೇಡಿ." ಅಪ್ಪ ನಕ್ಕು, "ಎಂತ ಮಾರಾಯ್ತಿ, ಮೊನ್ನೆಯಷ್ಟೇ ಕೆಡ್ಡಸ ಮುಗೀತಲ್ವಾ?" ಎಂದರು. ಕೆಡ್ಡಸ ಹಬ್ಬ ಬರುವುದು ಫೆಬ್ರವರಿಯಲ್ಲಿ. ಡಾಕ್ಟರರು ಅಪ್ಪನ ಕಡೆ ತಿರುಗಿ, ಬೆಳಿಗ್ಗೆ ಎಂತ ತಿಂದಿರಿ ಎಂದು ಕೇಳಿದರು. "ನೀರುದೋಸೆ, ಬಂಗುಡೆ ಸಾರು!" ಆಗ ಅಮ್ಮ ತಲೆ ಎತ್ತದೆಯೇ, "ಅಲ್ಲ, ಗಂಜಿ ಉಂಡದ್ದು. ಉಪ್ಪಿನಕಾಯಿ ಎರಡು ಸಲ ಕೇಳಿದರು" ಎಂದಳು.

ಆಮೇಲೆ ಒಂದೊಂದೇ ಹೇಳಿದಳು. ಅಪ್ಪ ಪೇಟೆಯಿಂದ ಬರುವಾಗ ದಾರಿ ತಪ್ಪುವುದು, ನಾನು ಶಾಲೆಯಿಂದ ಬರುವುದರೊಳಗೆ ಇವಳು ಹುಡುಕಿ ಕರೆತರುವುದು, ಮನೆಗೆ ಬಂದವರ ಹೆಸರನ್ನು ಅಪ್ಪನ ಕಿವಿಯಲ್ಲಿ ಹೇಳಿಕೊಡುವುದು. ಎರಡು ವರ್ಷದಿಂದ ಹೀಗಂತೆ. ಒಂದೇ ಮನೆಯಲ್ಲಿದ್ದೂ ನನಗೆ ತಿಳಿದಿರಲಿಲ್ಲ.

ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದರು: ಅಮ್ಮನದ್ದು ಮರೆವಿನ ರೋಗದ ಹಾಗೆ ಕಾಣುವುದಿಲ್ಲ, ಖಿನ್ನತೆ; ಮನಸ್ಸು ಬಳಲಿದವರು ಯೋಚಿಸಲೂ ಆಗದೆ ಗೊತ್ತಿಲ್ಲ ಎನ್ನುತ್ತಾರೆ, ಮದ್ದಿನಿಂದ ಗುಣವಾಗಬಹುದು. ನಿಜವಾಗಿ ಮರೆಯುತ್ತಿರುವವರು ಹೆಚ್ಚಾಗಿ ಏನಾದರೊಂದು ಹೇಳಿ ನಕ್ಕುಬಿಡುತ್ತಾರೆ. ಅಪ್ಪನಿಗೆ ಇನ್ನೂ ಪರೀಕ್ಷೆಗಳುಂಟು. ನಾನು ಹೂಂ ಎಂದೆ. ಅಳು ಬರಲಿಲ್ಲ. ಕ್ಯಾಂಟೀನಿನಲ್ಲಿ ಚಾ ಕುಡಿದೆವು. ಬಿಸಿಯಿತ್ತೋ ತಣ್ಣಗಿತ್ತೋ ನೆನಪಿಲ್ಲ.

ಅಮ್ಮ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಫಲ ಕಾಣಲು ಕೆಲವು ವಾರ ಬೇಕಂತೆ. ನಿನ್ನೆ ಮಾತ್ರ ಹೇಳಿಸಿಕೊಳ್ಳದೆ ತಲೆ ಬಾಚಿಕೊಂಡಳು. ಇಬ್ಬರೂ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಸುಗಂಧಿ

ಮರೆತಿದ್ದೆ: ಟಪಾಲು ಹೊರಡುವ ಹೊತ್ತಾಯಿತು. ನಿನ್ನ ರಜೆ ಮುಂದಿನ ವರ್ಷ ಎಂದಿದ್ದೆಯಲ್ಲ. ಅಷ್ಟು ಕಾಯಬೇಡ ಅಣ್ಣಾ. ನಿನ್ನ ಹೆಸರು ಹೇಳಿದರೆ ಅಪ್ಪನಿಗೆ ಇನ್ನೂ ಗೊತ್ತಾಗುತ್ತದೆ. ಈಗಲೇ ಬಾ.