ಮೂಲೆ ಕತ್ತರಿಸಿದ ಬೆಡ್‌ಶೀಟು

ಹದಿನಾಲ್ಕನೇ ತಾರೀಖು, ಶುಕ್ರವಾರ ಮಧ್ಯಾಹ್ನ

ನನ್ನ ಪುಟ್ಟಕ್ಕನಿಗೆ ಅಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ, ಸೊಂಟ ಒಂದನ್ನು ಬಿಟ್ಟು. ಅದು ಯಾವತ್ತು ನನ್ನ ಮಾತು ಕೇಳಿದೆ? ನೀನು, ಅಳಿಯಂದಿರು ಹೇಗಿದ್ದೀರಿ? ಮಗು ಮಗುಚಿಕೊಳ್ಳಲು ಶುರು ಮಾಡಿದೆಯಾ? ಮಂಚದ ಅಂಚಿನಲ್ಲಿ ಮಲಗಿಸಬೇಡ ಮಾರಾಯ್ತಿ, ನೀನು ನಾಲ್ಕು ತಿಂಗಳಿಗೇ ಉರುಳಿ ಬಿದ್ದವಳು. ಕಾಗದ ಬರೆಯುವುದು ಹತ್ತು ದಿನ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು, ಪೆನ್ನು ಒತ್ತಿ ಒತ್ತಿ ಕಾಗದವೇ ಹರಿಯುತ್ತಿತ್ತು. ಇವತ್ತು ಕೋರ್ಟಿನಿಂದ ಬಂದು, ಕಾಲು ತೊಳೆದು, ಎರಡು ಲೋಟ ಟೀ ಕುಡಿದು ಕೂತಿದ್ದೇನೆ. ಕೈ ನೆಟ್ಟಗಿದೆ.

ಹೌದು, ಕೋರ್ಟೇ. ನಿನ್ನ ಅಮ್ಮ ಕಟಕಟೆ ಹತ್ತಿ ಇಳಿದಳು. ಅಳಿಯಂದಿರು ಫೋನ್ ಮಾಡಿದ್ದರಲ್ಲ, ಅವರಿಗೆ ಗೊತ್ತಿರುವುದು ಅರ್ಧ. "ಅತ್ತೆ, ಒಪ್ಕೊಂಡು ಮುಗಿಸಿಬಿಡಿ, ನಾಲ್ಕು ಜನಕ್ಕೆ ಗೊತ್ತಾಗೋ ಮೊದ್ಲೇ" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಅನ್ನು. ಹಿಂದೆ ಪಾತ್ರೆ ಸದ್ದು ಕೇಳಿಸಿತು, ಮಗು ಕೂಗಿದ್ದೂ ಕೇಳಿಸಿತು. ನೀನು ಅಲ್ಲೇ ಇದ್ದೆ, ಫೋನಿಗೆ ಬರಲಿಲ್ಲ. ಕೈ ಒದ್ದೆಯಿತ್ತೇನೋ. ಇರಲಿ, ಪೂರ್ತಿ ಕಥೆ ನನ್ನ ಬಾಯಿಂದಲೇ ಕೇಳು.

ನಮ್ಮ ಆಸ್ಪತ್ರೆಯ ಒಗೆಯುವ ಮನೆಯ ಪದ್ಧತಿ ನಿನಗೆ ಗೊತ್ತಿರುವುದೇ. ಆದರೂ ನನ್ನ ವಕೀಲೆಗೆ ಹೇಳಿದಷ್ಟೇ ವಿವರವಾಗಿ ನಿನಗೂ ಹೇಳುತ್ತೇನೆ, ನೀನು ಮರೆತಿದ್ದೀಯೇನೋ ಎಂದು ಈಚೆಗೆ ಅನುಮಾನ. ಒಂದು ಬೆಡ್‌ಶೀಟು ಹಳೆಯದಾಯಿತು ಅನ್ನಿಸಿದರೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇವೆ. ಒಬ್ಬಳು ಆಚೆ ನಿಂತು ಬೆರಳು ತೋರಿಸುತ್ತಾಳೆ. ಈಚೆಯವಳು ಬಟ್ಟೆಯ ಮೂಲಕವೇ ನೋಡಿ ಎಷ್ಟು ಬೆರಳೆಂದು ಸರಿಯಾಗಿ ಹೇಳಿದರೆ ಆ ಬೆಡ್‌ಶೀಟಿನ ಕಥೆ ಮುಗಿಯಿತು. ಅದರ ಮೇಲೆ ರೋಗಿಯನ್ನು ಮಲಗಿಸುವ ಹಾಗಿಲ್ಲ. ಕತ್ತರಿ ತಗೊಂಡು ಒಂದು ಮೂಲೆ ಕತ್ತರಿಸಬೇಕು. ಮೂಲೆ ಹೋದ ಬಟ್ಟೆ ಒಗೆದವರಿಗೆ ಸೇರಿದ್ದು. ಇದು ನಾನು ಮಾಡಿದ ಕಾನೂನಲ್ಲ, ನಾನು ಸೇರುವ ಮೊದಲಿನಿಂದಲೂ ಇತ್ತು. ಹಳೇ ಮೇಸ್ತ್ರಿ ಕೆಲಸ ಬಿಡುವ ದಿನ ಎಲ್ಲರೆದುರಿಗೆ ಆ ಕತ್ತರಿಯನ್ನು ನನ್ನ ಕೈಗೆ ಕೊಟ್ಟು, "ನಿನ್ನ ಕಣ್ಣು ಸರಿಯಾಗಿದೆ, ನೀನೇ ಕತ್ತರಿಸು" ಎಂದಿದ್ದರು.

ಈಗ ಬಂದಿರುವ ಮ್ಯಾನೇಜರ್ ಜೇಬಿನಲ್ಲಿ ನಾಲ್ಕು ಪೆನ್ನು ಸಿಕ್ಕಿಸಿಕೊಂಡು ಓಡಾಡುತ್ತಾನೆ. ನಾವೆಲ್ಲ ಅವನನ್ನು ನಾಲ್ಕು ಪೆನ್ನು ಅಂತಲೇ ಕರೆಯುವುದು. ಒಂದನೇ ತಾರೀಖಿನಿಂದ ಹಳೇ ಬೆಡ್‌ಶೀಟುಗಳನ್ನು ಯಾರೂ ಒಯ್ಯಬಾರದು, ತೂಕಕ್ಕೆ ಮಾರುತ್ತೇವೆ ಎಂದು ನೋಟಿಸು ಅಂಟಿಸಿದನಂತೆ. ಎಲ್ಲಿ ಅಂಟಿಸಿದ? ಆಫೀಸಿನ ಮುಂಬಾಗಿಲಿಗೆ! ನಾವು ಯಾವ ಕಾಲದಲ್ಲಿ ಮುಂಬಾಗಿಲಿಂದ ಹೋಗಿದ್ದೇವೆ? ಬಾಯ್ಲರ್ ಪಕ್ಕದ ಹಿಂಬಾಗಿಲಿಂದ ಬರುತ್ತೇವೆ, ಅದರಲ್ಲೇ ಹೋಗುತ್ತೇವೆ. ನಾಲ್ಕು ಪೆನ್ನಿದ್ದೂ ಎರಡನೇ ನೋಟಿಸು ಬರೆಯಲು ಅವನಿಗೆ ಕೈ ಬರಲಿಲ್ಲ.

ಮೂರನೇ ತಾರೀಖು ನಾನು ಎರಡು ಬೆಡ್‌ಶೀಟಿನ ಮೂಲೆ ಕತ್ತರಿಸಿದೆ. ಆಚೆ ಬೆರಳು ತೋರಿಸಿದ್ದು ಇಸ್ತ್ರಿಯಕ್ಕ, ಅದೇ ದೊಡ್ಡ ಇಸ್ತ್ರಿ ಮೆಷಿನ್ನಿನವಳು, ನಿನ್ನ ಜಡೆ ಎಳೆದು ತಮಾಷೆ ಮಾಡುತ್ತಿದ್ದವಳು. ಮಗುವಿಗೆ ನಾನು ಇಂಥವೇ ಬೆಡ್‌ಶೀಟು ಹರಿದು ಕಳಿಸಿದ್ದ ಹದಿನೆಂಟು ಬಟ್ಟೆ ಸಾಲುತ್ತಿಲ್ಲ, ದಿನವೂ ಒದ್ದೆ ಮಾಡುತ್ತಾನೆ ಎಂದು ನೀನೇ ಬರೆದಿದ್ದೆಯಲ್ಲ, ಅದಕ್ಕೇ ತಗೊಂಡೆ. ನೂರಾರು ಸಲ ಕುದಿಸಿ ಒಗೆದ ಬಟ್ಟೆಯಷ್ಟು ಮೆತ್ತಗಿರುವುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಚೀಲದಲ್ಲಿಟ್ಟು, ಮೇಲೆ ಊಟದ ಡಬ್ಬಿ ಇಟ್ಟು, ರಾಜಾರೋಷವಾಗಿ ಹೊರಟೆ. ಗೇಟಿನ ಕಾವಲುಗಾರ ಚೀಲ ತೆಗೆಯಿಸಿದ. "ಅಕ್ಕಾ, ನಂದೇನೂ ತಪ್ಪಿಲ್ಲ, ಮೇಲಿಂದ ಹೇಳಿದಾರೆ" ಎಂದು ನೆಲ ನೋಡಿಕೊಂಡು ಹೇಳಿದ. ಅವನು ಕುರ್ಚಿ ಒರೆಸುವ ಬಟ್ಟೆಯೂ ನಾನು ಕೊಟ್ಟದ್ದೇ, ಅವನ ಪಕ್ಕದಲ್ಲೇ ನೇತಾಡುತ್ತಿತ್ತು. ನನಗೆ ನಗು ಬಂತು, ಅವನಿಗೆ ಬರಲಿಲ್ಲ.

ಪೊಲೀಸ್ ಸ್ಟೇಷನ್ನಿನಲ್ಲಿ ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಇಪ್ಪತ್ತಾರು ವರ್ಷ ಕಂಡವರ ರಕ್ತ, ಕೀವು ಒಗೆದ ಕೈಗೆ ಮಸಿ ಹಚ್ಚಿ ಬೆರಳಚ್ಚು ತಗೊಂಡರು. ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ನನ್ನ ಬೆರಳ ಗೆರೆಗಳೇ ಸವೆದುಹೋಗಿವೆ, ಅಚ್ಚು ಸರಿಯಾಗಿ ಮೂಡಲಿಲ್ಲ. ಮೂರು ಸಲ ಒತ್ತಿಸಿದ ಆ ಪೊಲೀಸಿನವನು. "ಇನ್ನೂ ಜೋರಾಗಿ ಒತ್ತಪ್ಪ, ನಂಗೇನೂ ನೋವಾಗಲ್ಲ" ಎಂದೆ. ಮೈಯೆಲ್ಲ ಉರಿಯುತ್ತಿತ್ತು, ಆದರೆ ಒಂದು ಹನಿ ಕಣ್ಣೀರು ಹಾಕಲಿಲ್ಲ.

ಅವತ್ತೇ ಕೆಲಸದಿಂದ ತೆಗೆದಿದ್ದ ನಾಲ್ಕು ಪೆನ್ನು ಆಮೇಲೆ ನನ್ನನ್ನು ಕರೆಸಿ, "ನೋಡಮ್ಮಾ, ಕದ್ದಿದ್ದು ತಪ್ಪಾಯ್ತು ಅಂತ ಒಂದು ಸಾಲು ಬರೆದುಕೊಡು, ಕೇಸೂ ವಾಪಸ್, ಕೆಲಸವೂ ವಾಪಸ್" ಎಂದ. ಕೋರ್ಟಿನವರು ಕೊಟ್ಟ ವಕೀಲೆಯೂ ಹೆಚ್ಚುಕಡಿಮೆ ಅದನ್ನೇ ಹೇಳಿದಳು. ನಿನಗಿಂತ ಚಿಕ್ಕವಳು, ಒಳ್ಳೆಯ ಹುಡುಗಿ. "ಆಂಟೀ, ಮೊದಲ ಸಲ, ಸಣ್ಣ ಕೇಸು. ಒಪ್ಕೊಂಡ್ರೆ ಎಚ್ಚರಿಕೆ ಕೊಟ್ಟು ಬಿಡ್ತಾರೆ. ಜಗಳ ಆಡಿದ್ರೆ ಎಷ್ಟು ತಿಂಗಳು ಎಳೆಯುತ್ತೋ, ಸೋತ್ರೆ ಜೈಲೂ ಆಗಬಹುದು." ನಾನು ಕೇಳಿದೆ: "ಒಪ್ಕೊಂಡ್ರೆ ಕಾಗದದಲ್ಲಿ ನನ್ನನ್ನ ಏನಂತ ಬರೀತಾರಮ್ಮ?" ಅವಳು ಫೈಲಿನ ದಾರ ಕಟ್ಟತೊಡಗಿದಳು. "ಕಳ್ಳಿ ಅಂತ ತಾನೇ? ಹಾಗಿದ್ರೆ ಎಳೆಯಲಿ ಬಿಡು. ನಾನು ಒದ್ದೆ ಬೆಡ್‌ಶೀಟು ಎಳೆದವಳು, ಇದೇನು ಮಹಾ ಭಾರ" ಎಂದೆ.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ನನ್ನನ್ನು ಕೂಗಿದರು. ಜಡ್ಜು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುತ್ತಾರೆ. "ಅಪರಾಧ ಒಪ್ಕೋತೀರಾ?" ಎಂದು ಕೇಳಿದರು.

"ಬೆಡ್‌ಶೀಟು ಒಪ್ಕೋತೀನಿ ಸ್ವಾಮಿ, ಕಳ್ಳತನ ಒಪ್ಕೊಳ್ಳಲ್ಲ" ಎಂದೆ.

ವಕೀಲೆ ನನ್ನ ಸೆರಗು ಎಳೆದಳು. ನಾನು ಅದಕ್ಕೆಲ್ಲ ಸೊಪ್ಪು ಹಾಕುವವಳೇ? ಎದುರಿನ ಮೇಜಿನ ಮೇಲೆ ನನ್ನ ಎರಡು ಬೆಡ್‌ಶೀಟು ಚೀಟಿ ಕಟ್ಟಿಸಿಕೊಂಡು ಕೂತಿದ್ದವು. ಒಂದನ್ನು ಬಿಚ್ಚಿ ಕಿಟಕಿಗೆ ಹಿಡಿಯಲು ಅಪ್ಪಣೆ ಕೊಡಿ ಎಂದು ಕೇಳಿದೆ. ನಾಲ್ಕು ಪೆನ್ನು ಎದ್ದು, "ಸಾರ್, ಇದೆಲ್ಲ ನಾಟಕ" ಎಂದ. ಜಡ್ಜು ಅವನನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಹಿಡೀರಿ" ಎಂದರು. ವಕೀಲೆ ಒಂದು ತುದಿ, ಗುಮಾಸ್ತ ಇನ್ನೊಂದು ತುದಿ ಹಿಡಿದರು. ನಾನು ಆಚೆ ಹೋಗಿ ನಿಂತು ಕೈ ಎತ್ತಿದೆ.

"ಎಷ್ಟು ಬೆರಳು ಸ್ವಾಮಿ?"

ಜಡ್ಜು ತಾವು ಹೇಳಲಿಲ್ಲ, ನಾಲ್ಕು ಪೆನ್ನಿನ ಕಡೆ ತಿರುಗಿ, "ನೀವೇ ಹೇಳಿ, ಎಷ್ಟು?" ಎಂದರು. ಅವನು ಸೂರು ನೋಡಿದ, ಕೈಲಿದ್ದ ಕಾಗದ ನೋಡಿದ. ಕೊನೆಗೆ "ಮೂರು ಸಾರ್" ಎಂದ. ಹಿಂದಿನ ಬೆಂಚಿನವರು ಗೊಳ್ಳೆಂದು ನಕ್ಕರು. ಮೂರೇ ತೋರಿಸಿದ್ದೆ ಕಣೇ!

ಆದರೆ ಜಡ್ಜು ಅಷ್ಟಕ್ಕೇ ಕರಗುವವರಲ್ಲ. "ಹಳೇದು ಅಂತ ನನಗೂ ಕಾಣ್ತಿದೆ. ಹಳೇದಾದ್ರೂ ಆಸ್ಪತ್ರೆಯದ್ದೇ ಅಲ್ವೇನಮ್ಮ?" ಎಂದರು.

"ಮೂಲೆ ಕತ್ತರಿಸೋವರೆಗೆ ಆಸ್ಪತ್ರೆಯದ್ದು ಸ್ವಾಮಿ. ಆಮೇಲೆ ಒಗೆದವರದ್ದು. ಯಾರನ್ನ ಬೇಕಾದ್ರೂ ಕೇಳಿ."

"ಯಾರನ್ನ ಕೇಳಲಿ? ಸಾಕ್ಷಿ ಯಾರು?"

ಕೆಲಸ ಕಳೆದುಕೊಳ್ಳಲು ಯಾರು ಮುಂದೆ ಬರುತ್ತಾರೆ? ನಾನು ಯಾರ ಕಾಲನ್ನೂ ಹಿಡಿದಿರಲಿಲ್ಲ, ಕೇಳಿಯೂ ಇರಲಿಲ್ಲ. ಆಗ ಹಿಂದಿನಿಂದ ಬೆಂಚು ಎಳೆದ ಸದ್ದಾಯಿತು. ಇಸ್ತ್ರಿಯಕ್ಕ! ರಜೆ ಹಾಕಿ ಬಂದಿದ್ದಳು, ನನಗೆ ಹೇಳಿರಲೇ ಇಲ್ಲ. "ಆವತ್ತು ಬೆರಳು ತೋರಿಸಿದ್ದು ನಾನು. ನಮ್ಮನೆ ಕಿಟಕಿ ಪರದೆಯೂ ಅದೇ ಬೆಡ್‌ಶೀಟೇ. ಹಿಡಿಯೋದಾದ್ರೆ ನನ್ನನ್ನೂ ಹಿಡೀರಿ" ಎಂದಳು. ಕೊನೆಯ ಮಾತಿನವರೆಗೂ ಹೇಳಿ ಮುಗಿಸಿದಳು.

ತೀರ್ಪು ಇನ್ನೂ ಆಗಿಲ್ಲ. ಇಪ್ಪತ್ತೆಂಟಕ್ಕೆ ಅವಳ ಸಾಕ್ಷಿ ತಗೊಳ್ಳುತ್ತಾರೆ. ಹಳೇ ಮೇಸ್ತ್ರಿಯನ್ನೂ ಕರೆಸುತ್ತಾರಂತೆ, ಕೋಲೂರಿಕೊಂಡಾದರೂ ಬರುತ್ತೇನೆ ಎಂದಿದ್ದಾರೆ. ಗೆಲ್ಲುತ್ತೇನೋ ಸೋಲುತ್ತೇನೋ ನನಗೆ ಗೊತ್ತಿಲ್ಲ. ಜೈಲಾದರೆ ಆಗಲಿ, ಅಲ್ಲೂ ಬಟ್ಟೆ ಒಗೆಯುವವರು ಬೇಕೇ ಬೇಕು. ಆದರೆ ಕದ್ದೆ ಎಂಬ ಒಂದು ಸಾಲು ನನ್ನ ಕೈಯಿಂದ ಯಾರೂ ಬರೆಸಲಾರರು. ಅಳಿಯಂದಿರಿಗೆ ಹೇಳು, ನಾಲ್ಕು ಜನಕ್ಕೆ ಆಗಲೇ ಗೊತ್ತಾಗಿದೆ, ಅವರಲ್ಲಿ ಒಬ್ಬಳು ಎದ್ದು ನಿಂತಿದ್ದಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಹಾಲುಣಿಸುವವಳು. ನಿನ್ನ ಮನೆ ತಣ್ಣಗಿರಲಿ, ನಿನ್ನ ಮಗು ಗಟ್ಟಿಮುಟ್ಟಾಗಿ ಬೆಳೆಯಲಿ, ಯಾರ ಮುಂದೆಯೂ ತಲೆ ತಗ್ಗಿಸದ ಹಾಗೆ ಬೆಳೆಯಲಿ. ಅದರ ಎರಡೂ ಪಾದಕ್ಕೆ ನನ್ನ ಮುತ್ತು.

ನಿನ್ನ
ಅಮ್ಮ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಮೊದಲ ಸಾಲಿನಿಂದಲೂ ಇದನ್ನೇ ನುಂಗಿಕೊಂಡು ಬರೆಯುತ್ತಿದ್ದೇನೆ. ನಿನ್ನ ಪಾರ್ಸೆಲ್ ನಿನ್ನೆ ಬಂತು. ಹದಿನೆಂಟು ಬಟ್ಟೆಯೂ ಇವೆ, ಒಗೆದು, ಇಸ್ತ್ರಿ ಮಾಡಿ, ನಾನು ಕಲಿಸಿದ ಹಾಗೆಯೇ ನಾಲ್ಕು ಮಡಿಕೆ. ಒಂದೊಂದನ್ನೂ ಬಿಚ್ಚಿ ಕೊಡವಿ ನೋಡಿದೆ, ಚೀಟಿ ಇರಲಿಲ್ಲ. ಜಡ್ಜು ಕೂಡ ನನ್ನನ್ನು ಒಂದು ಮಾತು ಕೇಳಿದರು, ನೀನು ಕೇಳಲಿಲ್ಲ. ಪೊಲೀಸಿನವನ ಮುಂದೆ ಬಾರದ ಅಳು ನಿನ್ನೆ ಬಂತು ಪುಟ್ಟಕ್ಕಾ. ನೀನು ಹುಟ್ಟಿದಾಗ ನಿನ್ನನ್ನು ಸುತ್ತಿದ್ದೂ ಇಂಥ ಬಟ್ಟೆಯಲ್ಲೇ.

ಒಂದರಲ್ಲಿ ಮಗುವಿನ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ, ಅದನ್ನು ನಾನು ಇಟ್ಟುಕೊಂಡೆ. ಉಳಿದ ಹದಿನೇಳನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಮಗುವಿಗೆ ಬೇಡವೆಂದರೆ ನೆಲ ಒರೆಸು, ಒಲೆ ಒರೆಸು, ನನಗೇನೂ ಬೇಜಾರಿಲ್ಲ. ವಾಪಸ್ ಮಾತ್ರ ಕಳಿಸಬೇಡ. ಒಮ್ಮೆ ಮೂಲೆ ಕತ್ತರಿಸಿ ಕೊಟ್ಟದ್ದನ್ನು ಹಿಂದಕ್ಕೆ ತಗೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.