ಗಡಿಕಲ್ಲಿಗೆ ಅರಿಸಿನ

ಪಾವಗಡ, 3 ಮಾರ್ಚ್ 1911

ಅಕ್ಕನಿಗೆ ಮರುಳಸಿದ್ದನ ಶರಣು.

ಸರ್ವೆ ಸರಪಳಿ ಎಳೆಯಲು ಬಂದವನು ಎರಡು ದೊರೆತನಗಳ ಜಗಳದಲ್ಲಿ ಸಿಕ್ಕಿಬಿದ್ದಿದ್ದೇನೆ. ನೂರು ವರ್ಷದ ಹಿಂದೆ ಜೊತೆಗೆ ನಿಂತು ಇಂಗ್ಲಿಷರನ್ನು ಸೋಲಿಸಿದಾಗಿನಿಂದ ನಮ್ಮ ಮೈಸೂರಿಗೆ ಫ್ರೆಂಚರು ನಂಟರು, ಆಚೆ ಮದರಾಸಿಗೆ ಇಂಗ್ಲಿಷರು ಯಜಮಾನರು. ಗಡಿಯ ಮೇಲಿನ, ಕತ್ತೆಯೂ ಮೂಸದ ಒಂದು ಬೋರೆಗುಡ್ಡಕ್ಕಾಗಿ ಇಬ್ಬರೂ ಫಿರಂಗಿ ತಂದು ನಿಲ್ಲಿಸಿದ್ದರು. ಗಡಿಕಲ್ಲನ್ನು ಬೆಳಿಗ್ಗೆ ಫ್ರೆಂಚ್ ಕ್ಯಾಪ್ಟನ್ ಆಚೆ ನೆಡಿಸಿದರೆ ಸಂಜೆ ಇಂಗ್ಲಿಷ್ ಕ್ಯಾಪ್ಟನ್ ಈಚೆ ನೆಡಿಸುತ್ತಿದ್ದ. ಸರ್ವೆ ಜಂಟಿಯಾದ್ದರಿಂದ ಎರಡು ಸಲವೂ ಹೊರುವವನು ನಿನ್ನ ತಮ್ಮ.

ನಿನ್ನೆ ಬೆಳಿಗ್ಗೆ ನೋಡಿದರೆ ಕಲ್ಲಿನ ತುಂಬ ಅರಿಸಿನ, ಬೇವಿನ ಸೊಪ್ಪು! ಊರಿನ ಮುದುಕಿ ನರಸಮ್ಮ ಕೋಳಿ ಹಿಡಿದು ಅಡ್ಡ ನಿಂತಳು. "ಅಮ್ಮೋರು ಬಂದು ಕೂತ್ಬುಟ್ಟವ್ಳೆ ದೊರಾ! ಕದಲ್ಸಿದ್ರೆ ಸಿಡುಬು ಬತ್ತದೆ, ನಿಮ್ಗೇ ಮೊದ್ಲು!" ಎರಡೂ ಕಡೆಯ ಸಿಪಾಯಿಗಳು ದಡದಡ ಅಡ್ಡಬಿದ್ದರು. ಕ್ಯಾಪ್ಟನ್‌ಗಳು ಇನ್ನೇನು ಮಾಡಿಯಾರು, ಬೂಟು ಬಿಚ್ಚಿ ಕೈಮುಗಿದರು. ಇವತ್ತು ಫಿರಂಗಿಗಳನ್ನು ಪಕ್ಕದ ಬೋರೆಗೆ ಎಳೆಸಿದ್ದಾರೆ.

ಅಕ್ಕಾ, ಬೆನ್ನುನೋವಿಗೆ ಹಚ್ಚಿಕೋ ಎಂದು ನೀನು ಕಟ್ಟಿಕೊಟ್ಟ ಅರಿಸಿನವೆಲ್ಲ ಖರ್ಚಾಯಿತು. ಬೆನ್ನಿಗೆ ಒಂದು ಚಿಟಿಕೆಯೂ ತಾಕಿಲ್ಲ, ನೋವು ಮಾತ್ರ ಮಾಯ. ಬೇಗ ಇನ್ನೊಂದು ಸೇರು ಕಳಿಸು. ನಾಳೆ ನೆಡುವ ಕಲ್ಲು ಇದಕ್ಕಿಂತ ಭಾರ.

ಮರುಳಸಿದ್ದ